ಖಂಡೇಪೂಜೆಗೆ ಕೂತ ಕಂಪ್ಯೂಟರ್

ಆಶ್ವೀಜದ ನವಮಿ. ಮಳೆ ಗಂಟುಮೂಟೆ ಕಟ್ಟಿಕೊಂಡು ಹೋಗಿ, ಪುಣೆಯ ಬಿಸಿಲಿಗೆ ಮತ್ತೆ ಹಲ್ಲು ಮೂಡುತ್ತಿದ್ದ ಕಾಲ. ಹಾಲಿನವನು ಬಂದು ಹೋದ ಹೊತ್ತಿಗೆ ಬಿಬವೇವಾಡಿಯ ಹಳೇ ಸೊಸಾಯಿಟಿಯೊಂದರ ಎರಡನೇ ಮಹಡಿಯಲ್ಲಿ ಗೂಳಪ್ಪ ಒಂದೇ ಬೆರಳಿನಿಂದ ಕೊನೆಯ ಸಾಲನ್ನು ಕುಟ್ಟಿ ಮುಗಿಸಿ, "ಶಿವನ, ಬಿಡುಗಡಿ ಆತು" ಎಂದು ಬೆನ್ನು ನೆಟ್ಟಗೆ ಮಾಡಿದ.

ಬಿಡುಗಡೆ ಪುಸ್ತಕದಿಂದಲ್ಲ, ಪುಸ್ತಕದ ಒಡೆಯನಿಂದ. ಹೆಂಡತಿ ಗೌರಾಬಾಯಿಯ ಅಣ್ಣ ಈರಬಸಪ್ಪನವರು ನಾಗರಪಂಚಮಿಯ ಉಂಡಿ ಕೊಟ್ಟು ಹೋಗಲು ಬೈಲಹೊಂಗಲದಿಂದ ಬಂದವರು. ಬಂದವರ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. "ನನ್ನ ಜೀವನ ಚರಿತ್ರಿ ನಾ ಹೇಳತೇನಿ, ನೀವು ಹೊಡೀರಿ. ಮುಗಿದ ಮರುದಿನ ನಾ ಊರಿಗೆ" ಅಂದರು. ಖಡಕಿಯ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದು ನಿವೃತ್ತನಾದ ಗೂಳಪ್ಪನಿಗೆ ಒಲ್ಲೆ ಅನ್ನುವ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ.

ಮುತ್ತಜ್ಜನ ಎತ್ತುಗಳ ಕೊಂಬನ್ನು ವರ್ಣಿಸುವುದರಲ್ಲೇ ಶ್ರಾವಣ ಕಳೆಯಿತು. ಗಣಪತಿ ಬಂದು ಹೋದ. ಪಕ್ಷಮಾಸದಲ್ಲಿ ಪಿತೃಗಳು ಸಹ ಬಂದು, ಉಂಡು, ಮರ್ಯಾದೆಯಿಂದ ಹಿಂದಿರುಗಿದರು. ಈರಬಸಪ್ಪನವರು ಮಾತ್ರ ಗೂಳಪ್ಪನ ಆರಾಮಕುರ್ಚಿಯಲ್ಲಿ, ಗೂಳಪ್ಪನ ಪೇಪರು ಮಡಿಲಲ್ಲಿಟ್ಟುಕೊಂಡು, ಗೂಳಪ್ಪನ ಪಾಲಿನ ಚಹಾ ಹೀರುತ್ತ, "ಹಾಂ, ಎಲ್ಲಿಗೆ ಬಂದಿದ್ವಿ? ನನ್ನ ಮೂತ್ರಪಿಂಡದ ಕಲ್ಲಿಗೆ ಬಂದಿದ್ವಿ. ಹೊಡೀರಿ" ಅನ್ನುತ್ತಿದ್ದರು. ಇನ್ನೊಂದು ಪ್ರತಿ ತೆಗೆದಿಡೋಣವೆಂದರೆ ಅದಕ್ಕೂ ಒಲ್ಲರು. "ಬ್ಯಾಡ. ಯಾರರೆ ಕದ್ದ ಅಚ್ಚು ಹಾಕಿಸಿ ಬಿಟ್ಟಾರು!"

ಅಂತೂ ಮುಗಿಯಿತು. ಈರಬಸಪ್ಪನವರು ಊರಿನ ಗೆಳೆಯನೊಬ್ಬನ ಮನೆಯ ಹೋಳಿಗೆ ಊಟಕ್ಕೆ ಖಡಕಿಗೆ ಹೊರಟು, "ಸಂಜಿಗೆ ಬಂದು ಪೂರಾ ಓದಿಸಿ ಕೇಳತೇನಿ" ಅಂದು ಮೆಟ್ಟಿಲಿಳಿದರು. ಕಂಪ್ಯೂಟರು ಮುಚ್ಚಲು ಹೋದರೆ ಅದು, ಹೊಸ ಸುಧಾರಣೆಗಳನ್ನು ಹಾಕಿಕೊಳ್ಳುತ್ತಿದ್ದೇನೆ, ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿ ಚಕ್ರ ತಿರುಗಿಸುತ್ತ ಕೂತಿತು. ತಿರುಗಲಿ ಬಿಡು ಎಂದು ಗೂಳಪ್ಪ ಸ್ನಾನಕ್ಕೆ ಹೋದ.

ಬಂದು ನೋಡುತ್ತಾನೆ, ಕಂಪ್ಯೂಟರು ಜಂಗಮನಾಗಿಬಿಟ್ಟಿದೆ. ಹಣೆಗೆ ಮೂರೆಳೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಮೈತುಂಬ ಅರಿಷಿಣ ಕುಂಕುಮ. ಎದುರಿಗೆ ಈಳಿಗೆ, ಕತ್ತರಿ, ಸ್ಕ್ರೂಡ್ರೈವರು, ಸ್ಕೂಟರಿನ ಕೀಲಿ ಸಾಲಾಗಿ ಮಲಗಿವೆ. ಗೋಡೆಯಿಂದ ಕಿತ್ತ ಪ್ಲಗ್ಗು ನೆಲದ ಮೇಲೆ ಸತ್ತ ಹಾವಿನಂತೆ ಬಿದ್ದಿದೆ.

"ಇದನ್ಯಾಕ ಕಿತ್ತಿ?"

"ಖಂಡೇಪೂಜಿ ದಿನಾ ಆಯುಧ ನಡಸತಾರೇನ್ರಿ? ಅದು ನೋಡಿದ್ರ ಗಿರಗಿರ ತಿರಗಾಕತ್ತಿತ್ತು. ಪೂಜಿಗೆ ಕುಂತಿದ್ದು ಸುಮ್ಮನ ಕುಂದ್ರಬೇಕಿಲ್ಲ?" ಗೌರಾಬಾಯಿ ಕಾಯಿ ಒಡೆದಳು. "ನಾಳೆ ಬನ್ನಿ ಮುಡಿಯೂತನಕ ಮುಟ್ಟಬ್ಯಾಡ್ರಿ ಮತ್ತ."

ಗೂಳಪ್ಪನಿಗೆ ತಡೆಯಲಾಗಲಿಲ್ಲ. ಅವಳು ಅಡಿಗೆಮನೆಗೆ ಹೋದ ಕೂಡಲೆ ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದ. ತೆರೆ ವಿಷ ಕುಡಿದ ಶಿವನ ಕೊರಳಿನಂತೆ ನೀಲಿಯಾಯಿತು. ಆರಿತು. ಮತ್ತೆ ಹತ್ತಿತು. ಮತ್ತೆ ನೀಲಿ. ಗೂಳಪ್ಪನ ಕಣ್ಣಮುಂದೆ ಮುತ್ತಜ್ಜನ ಎತ್ತುಗಳು ಕೊಂಬು ಬಾಗಿಸಿ ನಿಂತವು. ಪುಸ್ತಕ ಹೋಯಿತೆಂದರೆ ಮತ್ತೆ ಮೊದಲಿನಿಂದ! ಮತ್ತೊಂದು ಶ್ರಾವಣ!

ಕೆಳಗಿನ ಮನೆಗೆ ಓಡಿದ. ಅಲ್ಲಿ ಧಾರವಾಡದ ರಾಘಣ್ಣ ಇರುತ್ತಿದ್ದರು. ಲೋಕದಲ್ಲಿ ಅವರಿಗೆ ಗೊತ್ತಿಲ್ಲದ್ದು ಒಂದೇ, ಯಾವಾಗ ಸುಮ್ಮನಿರಬೇಕೆಂಬುದು. ಅವರ ಮಗ ಅಮೇಯ ಹಡಪಸರದ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಕೆಲಸದವನು. ಮೇಲೆ ಬಂದು ನೋಡಿ ತಲೆ ಕೆರೆದುಕೊಂಡ.

"ಕಾಕಾ, ಸಿಸ್ಟಮ್ ಫೈಲ್ ಕೆಟ್ಟಾವ. ಸುಣ್ಣಾ ಹಚ್ಚೋವಾಗ ನಡುವ ನಿಚ್ಚಣಿಕಿ ಕಿತಗೊಂಡಂಗ ಆಗೇದ. ಅರ್ಧಾ ಹೊಸಾದು, ಅರ್ಧಾ ಹಳೇದು. ಯಾ ಕಡಿ ಹೋಗಬೇಕಂತ ಅದಕ್ಕೂ ತಿಳೀವಲ್ದು."

"ನನ್ನ ಬರವಣಿಗಿ?"

"ಅದು ಒಳಗ ಸೇಫ್ ಅದ. ನನ್ನ ಲ್ಯಾಪ್‌ಟಾಪ್‌ನಿಂದ ಒಂದು ಪೆನ್ ಡ್ರೈವ್ ತಯಾರ ಮಾಡಿದ್ರ ಅರ್ಧಾ ತಾಸಿನ್ಯಾಗ ರಿಪೇರಿ."

"ಹಂಗಾರ ಮಾಡಪಾ!"

"ಹೆಂಗ ಮಾಡ್ಲಿ ಕಾಕಾ? ನಮ್ಮವ್ವ ಲ್ಯಾಪ್‌ಟಾಪ್ ಪೂಜಾಕ್ಕ ಇಟ್ಟಾಳ. ಅದರ ಮ್ಯಾಲೆ ತೆಂಗಿನಕಾಯಿ ಕೂತದ."

ಗೂಳಪ್ಪ ಅಮೇಯನ ತಾಯಿ ಇಂದೂಬಾಯಿಯವರ ಮುಂದೆ ಕೈಮುಗಿದು ನಿಂತ. ಆಕೆ ಸೆರಗು ಸಿಕ್ಕಿಸಿ, "ದೇವಿ ಕುಂತಾಗ ಎಬ್ಬಸ್ತಾರೇನ್ರಿ ಗೂಳಪ್ಪನವರ? ನಾಳೆ ಬರ್ರಿ" ಎಂದು ಕೈಯಲ್ಲಿ ಪ್ರಸಾದದ ಹೋಳಿಗೆ ಇಟ್ಟರು.

ಹೋಳಿಗೆ ಹಿಡಿದುಕೊಂಡೇ ಮಾರ್ಕೆಟ್ಟಿನ ರಿಪೇರಿ ಅಂಗಡಿಗೆ ನಡೆದ. ಬಾಗಿಲಿಗೆ ತೋರಣ, ಒಳಗೆ ಊದಿನಕಡ್ಡಿಯ ಹೊಗೆ. ಸ್ಕ್ರೂಡ್ರೈವರುಗಳು ಮಣೆಯ ಮೇಲೆ ಹೂ ಹೊತ್ತು, ಮದುವೆಗೆ ಕೂತ ಮದುಮಕ್ಕಳಂತೆ ಕೂತಿದ್ದವು. ಅಂಗಡಿಯ ಸ್ವಪ್ನಿಲ್ ಎದೆಯ ಮೇಲೆ ಕೈಯಿಟ್ಟು, "ಕಾಕಾ, ಆಜ್ ನಾಹೀ. ಹತ್ಯಾರಂ ಪೂಜೇತ್ ಆಹೇತ್" ಅಂದ. ಇವತ್ತು ಆಗದು, ಆಯುಧಗಳೆಲ್ಲ ಪೂಜೆಗೆ ಕೂತಿವೆ ಎಂದು. ಮುಂದಿನ ಅಂಗಡಿಯಲ್ಲೂ ಅದೇ ಮಾತು, ಅದರ ಮುಂದಿನದರಲ್ಲೂ ಅದೇ. ಇಡೀ ಪುಣೆಯಲ್ಲಿ ಅಂದು ಒಂದು ತಿರುಪು ತಿರುಗುವ ಹಾಗಿರಲಿಲ್ಲ. ಗೂಳಪ್ಪನ ತಲೆಯೊಂದು ಮಾತ್ರ ತಿರುಗುತ್ತಿತ್ತು.

ಮನೆಗೆ ಬಂದರೆ ರಾಘಣ್ಣ ಕಂಪ್ಯೂಟರಿನ ಮುಂದೆ ಮಂಡಿಯೂರಿ, ಚಮಚದ ತುದಿಯಿಂದ ಅದರ ಮಗ್ಗುಲು ಬಿಚ್ಚುತ್ತಿದ್ದರು.

"ರಾಘಣ್ಣಾರ, ಏನ ಮಾಡಾಕತ್ತೀರಿ?"

"ಚಮಚಾ ಆಯುಧ ಅಲ್ಲ, ಅದಕ್ಕ ದೋಷ ಇಲ್ಲ. ಒಳಗಿನ ಮೆಮರಿ ಪಟ್ಟಿ ತಗದು ರಬ್ಬರ್‌ಲೇ ತಿಕ್ಕಿದ್ರ ಎಂಥಾ ಕಂಪ್ಯೂಟರ್ ಇರಲಿ, ಎದ್ದು ಕೂಡತದ. ನಮ್ಮ ಆಫೀಸಿನ್ಯಾಗ ಎಷ್ಟ ಸಲಾ ನೋಡೇನಿ."

ತಿಕ್ಕಿದರು, ಕೂಡಿಸಿದರು. "ಈಗ ನೋಡ್ರಿ ಮಜಾ" ಎಂದು ಗುಂಡಿ ಒತ್ತಿಸಿದರು. ಒಳಗಿನ ಫ್ಯಾನು ಭರ್ರನೆ ತಿರುಗಿ, ಬೆಳಿಗ್ಗೆ ಗೌರಾಬಾಯಿ ಭಕ್ತಿಯಿಂದ ಉಗ್ಗಿದ್ದ ಅರಿಷಿಣವನ್ನೆಲ್ಲ ಇಬ್ಬರ ಮುಖಕ್ಕೂ ಎರಚಿತು. ಜೇಜೂರಿಯ ಜಾತ್ರೆಗೆ ಹೋಗಿ ಅರಿಷಿಣದ ಭಂಡಾರ ಆಡಿ ಬಂದವರ ಹಾಗೆ ಇಬ್ಬರೂ ಹಳದಿಯಾಗಿ ಕೆಮ್ಮಿದರು.

ಆದರೆ ತೆರೆಯ ಮೇಲೆ ನೀಲಿಯ ಬದಲು ಒಂದು ಪ್ರಶ್ನೆ ಮೂಡಿತ್ತು. ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ, ಹೇಗೆ ಮಾಡಲಿ ಎಂದು. ಗೂಳಪ್ಪ ಕಿಟಕಿಯಿಂದ ಕೂಗಿ ಅಮೇಯನನ್ನು ಕೇಳಿದ.

"ಎರಡು ಆಪ್ಷನ್ ಇರತಾವ ಕಾಕಾ," ಕೆಳಗಿನಿಂದ ಉತ್ತರ ಬಂತು. "ಫೈಲ್ ಇಟಗೋಳೋದು ಒಂದು, ಎಲ್ಲಾ ತಗದು ಹಾಕೋದು ಒಂದು. ಇಟಗೋಳೋದು ಒತ್ತರಿ. ಅದನ್ನ ಒತ್ತರಿ!"

ಗೂಳಪ್ಪನಿಗೆ ಹೋದ ಜೀವ ಬಂದಂತಾಯಿತು. ಅರಿಷಿಣ ಹೊಕ್ಕ ಕಣ್ಣಿಗೆ ಕಾಣಬೇಕಲ್ಲ, ನೀರು ಹಾಕಿಕೊಳ್ಳಲು ಬಚ್ಚಲಿಗೆ ಓಡಿದ. ಮುಖ ಒರೆಸುತ್ತ ಹೊರಬಂದಾಗ ಚಕ್ರ ತಿರುಗುತ್ತಿತ್ತು. ರಾಘಣ್ಣ ಹಳದಿ ಕನ್ನಡಕದೊಳಗಿಂದ ನಗುತ್ತಿದ್ದರು.

"ಒತ್ತಿ ಬಿಟ್ಟೆ. ಹಬ್ಬದ ದಿನಾ, ಕಸಾ ಯಾಕ ಇಟಗೋಬೇಕು? ಎಲ್ಲಾ ಸ್ವಚ್ಛ ಮಾಡು ಅಂತ ಹೇಳೇನಿ."

ಗೂಳಪ್ಪ ಅಲ್ಲೇ ನೆಲಕ್ಕೆ ಕುಸಿದ. ಗೌರಾಬಾಯಿ ತಂದಿಟ್ಟ ಹೋಳಿಗೆ ಆರಿ ಹಪ್ಪಳವಾಯಿತು. ಹೊತ್ತು ಇಳಿಯಿತು. ಕೊನೆಗೆ ಕಂಪ್ಯೂಟರು ಎದ್ದಿತು, ಆಗ ತಾನೆ ಹುಟ್ಟಿದ ಕೂಸಿನಂತೆ, ಚೊಕ್ಕವಾಗಿ. ಹಿಂದಿನ ಜನ್ಮದ ನೆನಪು ಒಂದಕ್ಷರವೂ ಇರಲಿಲ್ಲ. ಗೂಳಪ್ಪ ಬಿಕ್ಕಿ ಬಿಕ್ಕಿ ಅತ್ತ. ತಂದೆ ತೀರಿದಾಗ ಕೂಡ ಅಷ್ಟು ಅತ್ತವನಲ್ಲ.

ಅದೇ ಹೊತ್ತಿಗೆ ಈರಬಸಪ್ಪನವರು ಬಾಗಿಲಲ್ಲಿ ನಿಂತರು.

"ಏನಾತವಾ ತಂಗೀ?"

"ನಿನ್ನ ಪುಸ್ತಕ ಹೋತಣ್ಣಾ," ಗೌರಾಬಾಯಿ ಸೆರಗು ಬಾಯಿಗಿಟ್ಟಳು. "ಮುಂಜಾನಿಂದ ಇವರು ಒಂದು ತುತ್ತು ಉಂಡಿಲ್ಲ."

"ಏನ ಓಡಾಟ, ಏನ ಒದ್ದಾಟ!" ರಾಘಣ್ಣ ಸೇರಿಸಿದರು. "ಮನಿ ಮನಿಗೆ ಹೋಗಿ ಕೈ ಮುಗದಾರ ಪಾಪ."

ಈರಬಸಪ್ಪನವರು ಟೋಪಿ ತೆಗೆದು, ಗೂಳಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಗೂಳಪ್ಪನವರ, ಖರೇ ಹೇಳಿ ಬಿಡತೇನಿ. ನಾಳಿನ ಬೆಳಗಾವಿ ಬಸ್ಸಿಗೆ ನಾ ಸೀಟ ಹಿಡಿಸಿ ಬಂದೇನಿ. ಪುಸ್ತಕಾ ಮುಗೀಲಿ, ಬಿಡಲಿ, ಹೋಗೂದ ಅಂತ ಮಾಡಿದ್ದೆ. ರಿಟೈರ್ ಆದ ಮ್ಯಾಲೆ ಇವರಿಗೆ ಹೊತ್ತ ಹೋಗವಲ್ದು ಅಂತ ಗೌರವ್ವ ಫೋನಿನ್ಯಾಗ ಹೇಳಿದ್ಲು. ಅದಕ್ಕಂತ ಹೇಳಕೋತ ಕುಂತೆ. ನಂದೇನು ಚರಿತ್ರಿರಿ? ಅರ್ಧಾ ಕಟ್ಟಿ ಹೇಳಿದ್ದು. ನಿಮಗೂ ಬ್ಯಾಸರಾಗೇತಿ ಅಂತ ನನಗ ಸಂಶೇ ಇತ್ತು."

ಗೂಳಪ್ಪನ ಅಳು ಗಕ್ಕನೆ ನಿಂತಿತು. ಹಳದಿ ಮುಖದಲ್ಲಿ ಬೆಳಕು ಮೂಡತೊಡಗಿತು.

"ಆದ್ರ ಇವತ್ತ ಕಣ್ಣಾರೆ ನೋಡಿದೆ!" ಈರಬಸಪ್ಪನವರು ಗೂಳಪ್ಪನ ಕೈ ಹಿಡಿದುಕೊಂಡರು. "ಹೆತ್ತ ಮಕ್ಕಳು ನನ್ನ ಮಾತ ಕೇಳಂಗಿಲ್ಲ. ನನ್ನ ಮಾತ ಹೋದುವಂತ ನೀವು ಅಳಾಕತ್ತೀರಿ! ಇಂಥಾವರನ್ನ ಬಿಟ್ಟು ಯಾ ಬಾಯಿಲೆ ಹೋಗಲಿ? ಹೋಗಂಗಿಲ್ಲ. ಮುತ್ತ್ಯಾನಿಂದ ಮತ್ತ ಶುರು ಮಾಡೂಣು. ಹೋದ ಸಲಾ ಅವಸರದಾಗ ಭಾಳ ಬಿಟ್ಟಿದ್ವಿ."

"ಭಾವಾರ, ನಾ ಅತ್ತದ್ದು... ನಾ ಅತ್ತದ್ದು ಅದಕ್ಕಲ್ಲ..."

"ಸಂತೋಷಕ್ಕ ಮಾತ ಬರವಲ್ದು," ಎಂದು ರಾಘಣ್ಣ ಕಣ್ಣೊರೆಸಿಕೊಂಡರು.

ಗೌರಾಬಾಯಿ ಅಣ್ಣನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಚಹಾದ ಪಾತ್ರೆಯ ಮುಖವನ್ನೂ ನೋಡಿದಳು. "ಆ ಸೀಟು ಯಾಕ ಖಾಲಿ ಹೋಗಬೇಕಣ್ಣಾ?" ಅಂದಳು.

ಮರುದಿನ ಬನ್ನಿ ಮುಡಿದು, ಬಂಗಾರದಂಗ ಇರೋಣ ಎಂದು ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದರು. ಗೂಳಪ್ಪ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಿಂದ, ಮುತ್ತಜ್ಜನ ಎಡಗಡೆಯ ಎತ್ತಿನ ಬಲಗೊಂಬನ್ನು ಕುಟ್ಟುತ್ತಿದ್ದ. ಬೆಳಗಾವಿಯ ಬಸ್ಸು ಹತ್ತಿ ತವರಿಗೆ ಹೋದವಳು ಗೌರಾಬಾಯಿ. ಅದು ವಿಜಯದಶಮಿ, ಗುರುವಾರ.