ಮಗಳ ವರ್ಗಾವಣೆಗೆ ನಾನು ಬರೆದ ಅರ್ಜಿ

ಇತರರಿಂದ ಕ್ಷಮಾಪಣೆ ಪತ್ರ ಬರೆಸಿಕೊಳ್ಳುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಬರೆದುಕೊಟ್ಟ ಅನುಭವ ಮಾತ್ರ ಒಂದೇ. ಆ ಒಂದರ ಕಥೆಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅದು ಹುಣಸೂರಿನಲ್ಲಿ ಈಗಾಗಲೇ ನಾಲ್ಕಾರು ರೂಪಗಳಲ್ಲಿ ಓಡಾಡುತ್ತಿರುವುದರಿಂದ, ಸರಿಯಾದ ರೂಪವೊಂದು ಬರಹದಲ್ಲಿ ಇರಲಿ ಎಂಬುದು ನನ್ನ ಉದ್ದೇಶ. ತಪ್ಪು ಮಾಡಿದವನು ನಾನೇ ಹೌದು. ಆದರೂ ನನ್ನ ತಪ್ಪನ್ನು ಬೇರೆಯವರು ತಪ್ಪುತಪ್ಪಾಗಿ ಹೇಳುವುದನ್ನು ಸಹಿಸಲಾರೆ.

ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು. ಅರ್ಜಿಯ ಶಕ್ತಿ ಎಂಥದೆಂಬುದನ್ನು ಮೇಜಿನ ಒಳಬದಿಯಲ್ಲಿ ಕುಳಿತು ಕಂಡವನು. ಬರಿಯ ಅರ್ಜಿಯನ್ನು ನಾವು ಕಟ್ಟಿನ ಅಡಿಗೆ ಸೇರಿಸುತ್ತಿದ್ದೆವು. ಅದೇ ಅರ್ಜಿಯ ಕೊನೆಯಲ್ಲಿ ‘ಪ್ರತಿಗಳು ಮಾಹಿತಿಗಾಗಿ’ ಎಂದು ಬರೆದು ಮೇಲಧಿಕಾರಿಗಳಿಬ್ಬರ ವಿಳಾಸ ಕಾಣಿಸಿದ್ದರೆ, ಅದು ತಾನಾಗಿಯೇ ಕಟ್ಟಿನ ಮೇಲಕ್ಕೆ ಬರುತ್ತಿತ್ತು. ನಿವೃತ್ತನಾದ ಮೇಲೆ ಈ ವಿದ್ಯೆಯನ್ನು ಹೊರಬದಿಯಿಂದ ಪ್ರಯೋಗಿಸತೊಡಗಿದೆ. ಬಿಳಿಕೆರೆಯಲ್ಲಿ ನಿಲ್ಲಿಸದೆ ನನ್ನನ್ನು ಒಂದು ಮೈಲಿ ಮುಂದೆ ಇಳಿಸಿದ ಬಸ್ಸಿನ ಕಂಡಕ್ಟರನ ಕ್ಷಮಾಪಣೆ ಪತ್ರ ನನ್ನ ಬೀರುವಿನಲ್ಲಿದೆ. ಕೆ.ಆರ್. ನಗರದ ಒಂದು ಛತ್ರದಲ್ಲಿ ‘ಯಜಮಾನ, ಈಚೆ ಬಾ’ ಎಂದು ನನ್ನನ್ನು ಏಕವಚನದಲ್ಲಿ ಕರೆದ ಮೇಲ್ವಿಚಾರಕನದೂ ಇದೆ. ಅವನ ಪತ್ರದಲ್ಲಿ ಎರಡು ಕಡೆ ಕಾಗುಣಿತ ತಪ್ಪಿತ್ತು; ತಿದ್ದಿಸಿ ಇನ್ನೊಮ್ಮೆ ಬರೆಸಿದೆ. ಇಷ್ಟು ಹೇಳಿದರೆ ನನ್ನ ಸ್ವಭಾವ ಓದುಗರಿಗೆ ತಿಳಿದೀತು. ನನ್ನ ಹೆಂಡತಿ ಜಯಮ್ಮನಿಗೆ ಮದುವೆಯಾದ ಮೂರನೆಯ ದಿನವೇ ತಿಳಿದಿತ್ತಂತೆ.

ನಮಗೆ ಒಬ್ಬಳೇ ಮಗಳು, ಚೈತ್ರ. ಸೇನೆಯ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಅಧಿಕಾರಿ. ಪಂಜಾಬಿನಲ್ಲಿದ್ದಾಗ ಕಾಲು ಮುರಿದುಕೊಂಡ ಯುವ ಅಧಿಕಾರಿಯೊಬ್ಬ ಅವಳ ವಾರ್ಡಿಗೆ ಬಂದನಂತೆ. ಮೂಳೆ ಕೂರಿಸುವಾಗ, ಅದುವರೆಗೆ ಇಂಗ್ಲಿಷಿನಲ್ಲಿ ಧೀರೋದಾತ್ತನಾಗಿ ಮಾತನಾಡುತ್ತಿದ್ದವನು ‘ಅಯ್ಯಯ್ಯೋ ಅವ್ವಾ’ ಎಂದು ಕೂಗಿಕೊಂಡನಂತೆ. ವಿಚಾರಿಸಿದರೆ ಪಿರಿಯಾಪಟ್ಟಣ ತಾಲ್ಲೂಕು ರಾವಂದೂರಿನವನು, ಹೆಸರು ಯೋಗೇಶ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂತಿರುಗಬಹುದಾದ ಊರಿನ ವರನನ್ನು ಕಾಣಲು ನನ್ನ ಮಗಳು ದೇಶದ ಆ ತುದಿಗೆ ಹೋಗಬೇಕಾಯಿತು. ಇಬ್ಬರೂ ಕ್ಯಾಪ್ಟನ್. ಮದುವೆ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ಎಂಬ ಮಾತನ್ನು ನಾನು ಸ್ಥೂಲವಾಗಿ ಬಳಸಿದ್ದೇನೆ.

ಮದುವೆಯಾಗಿ ಮೂರನೆಯ ವಾರಕ್ಕೆ ಸೇನೆಯ ಆದೇಶ ಬಂತು. ಅವನು ಅಸ್ಸಾಮಿಗೆ, ಇವಳು ಪಂಜಾಬಿನಲ್ಲಿಯೇ. ಮುಂದಿನ ಎರಡು ವರ್ಷಗಳಲ್ಲಿ ಗಂಡಹೆಂಡಿರು ಒಂದೇ ಸೂರಿನಡಿ ಇದ್ದದ್ದು ಒಟ್ಟು ನಲವತ್ತೇಳು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲ ನಾನೇ ಗುರುತು ಹಾಕಿದ್ದೇನೆ. ಸೇನೆಯಲ್ಲಿ ದಂಪತಿಗಳನ್ನು ಒಂದೇ ಊರಿಗೆ ಹಾಕುವ ಪದ್ಧತಿ ಉಂಟೆಂದು ಕೇಳಿದ್ದೆ. ಅದಕ್ಕೆ ಪ್ರಯತ್ನಿಸಿದ್ದೀರಾ ಎಂದು ಮಗಳನ್ನು ವಿಚಾರಿಸಿದರೆ, “ಎಲ್ಲಾ ಆಗ್ತಾ ಇದೆ ಅಪ್ಪ, ನೀವು ತಲೆ ಕೆಡಿಸ್ಕೋಬೇಡಿ” ಎಂದಳು. ನಾನು ಗಾಬರಿಯಾದೆ. ಏಕೆಂದರೆ ಮೂವತ್ತೆಂಟು ವರ್ಷ ಕಚೇರಿಗೆ ಬಂದವರಿಗೆಲ್ಲ ‘ಎಲ್ಲಾ ಆಗ್ತಾ ಇದೆ’ ಎಂದು ಹೇಳಿ ಕಳುಹಿಸಿದವನು ನಾನು. ಏನೇನೂ ಆಗದಿದ್ದಾಗ ಹೇಳುವ ಮಾತು ಅದು.

ಆ ವೇಳೆಗೆ ಎಚ್.ಡಿ. ಕೋಟೆಯಲ್ಲೊಂದು ಮದುವೆ. ಊಟದ ಎಲೆಯ ಮುಂದೆ, ಜಯಮ್ಮನ ಆಚೆ ಬದಿಯಲ್ಲಿ ಕುಳಿತಿದ್ದ ಹಸಿರು ಸೀರೆಯ ಹೆಂಗಸೊಬ್ಬಳು, ಬಾಯಲ್ಲಿ ಹಪ್ಪಳ ಇಟ್ಟುಕೊಂಡೇ ಕೇಳಿದಳು: “ನಿಮ್ ಮಗ್ಳೂ ಅಳೀಮಯ್ಯನೂ ಒಂದ್ ಕಡೆ ಇಲ್ವಂತಲ್ಲ ಜಯಕ್ಕ? ಏನಾರ ಎಚ್ಚುಕಮ್ಮಿ ಆಗದಾ?”

“ಮಿಲ್ಟ್ರಿ ಕಣವ್ವ. ಅಲ್ಲಿ ಅಂಗೇಯ” ಎಂದು ಜಯಮ್ಮ ನಕ್ಕು, ಅನ್ನಕ್ಕೆ ಸಾರು ಹಾಕಿಸಿಕೊಂಡಳು. ನನಗೆ ಆ ಮೇಲೆ ಅನ್ನ ಸೇರಲಿಲ್ಲ. ಹೆಚ್ಚುಕಡಿಮೆ! ನಮ್ಮ ಮನೆಯಲ್ಲಿ! ಹಿಂತಿರುಗುವ ಬಸ್ಸಿನಲ್ಲಿಯೇ ಅರ್ಜಿಯ ಮೊದಲ ವಾಕ್ಯ ಸಿದ್ಧವಾಯಿತು.

“ಮಿಲ್ಟ್ರಿಯೋರ್ಗೆಲ್ಲ ಬರೀಬ್ಯಾಡಿ ಕಣ್ರೀ” ಎಂದಳು ಜಯಮ್ಮ. “ಒಂದ್ ಮಾತ ಮಗೀನ ಕೇಳಿ.”

“ಕೇಳಿದರೆ ಬೇಡ ಎನ್ನುತ್ತಾಳೆ” ಎಂದೆ. ನನ್ನ ಅಪರಾಧವೆಲ್ಲ ಆ ಉತ್ತರದಲ್ಲಿಯೇ ಇತ್ತು. ಆಗ ಅದು ನನಗೆ ಜಾಣತನವಾಗಿ ಕಂಡಿತು.

ಅರ್ಜಿ ಇಂಗ್ಲಿಷಿನಲ್ಲಿ ನಾಲ್ಕು ಪುಟವಾಯಿತು. ಹದಿನಾಲ್ಕು ಪ್ಯಾರಾಗಳು, ಎಲ್ಲಕ್ಕೂ ಸಂಖ್ಯೆ. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಅಕ್ರಂ ಸಾಹೇಬರು ನಾನು ನಿವೃತ್ತನಾದಂದಿನಿಂದ ನನ್ನ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿರುವವರು. ಒಂದು ಮಾತನ್ನೂ ಬದಲಿಸದವರು. ಅವರು ಅಂದು ಅರ್ಧಕ್ಕೆ ಕೈ ನಿಲ್ಲಿಸಿದರು.

“ಸಾರ್, ಈ ಏಳ್ನೇ ಪ್ಯಾರಾ ಬೇಕಾ?”

“ಏಕೆ?”

“ಅಳಿಯಂದ್ರು ಮಿಲಿಟ್ರಿ ಆಫೀಸರ್ರು. ಅವರಿಗೆ ಧೈರ್ಯ ಸಾಲದು ಅಂತ ಅವರ ಸಾಹೇಬ್ರಿಗೇ ಬರೆಯೋದು... ಚೆನ್ನಾಗಿರಲ್ಲ ಸಾರ್.”

ಏಳನೆಯ ಪ್ಯಾರಾವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಸದರಿ ಅಧಿಕಾರಿಯು ಸಂಕೋಚ ಸ್ವಭಾವದವರಾಗಿದ್ದು, ಮೇಲಧಿಕಾರಿಗಳ ಮುಂದೆ ಬಾಯಿ ಬಿಡುವಷ್ಟು ಧೈರ್ಯ ಇಲ್ಲದ ಕಾರಣ, ಅವರ ಪರವಾಗಿ ಅರ್ಜಿದಾರನೇ ಬಿನ್ನವಿಸಿಕೊಳ್ಳಬೇಕಾಗಿ ಬಂದಿದೆ.’ ವಾಕ್ಯ ಸೊಗಸಾಗಿ ಕುಳಿತಿತ್ತು. ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಅರ್ಜಿ ಮಗಳ ಆಸ್ಪತ್ರೆಯ ಕಮಾಂಡೆಂಟರಿಗೆ ಹೋಯಿತು; ಪ್ರತಿಗಳು ಮಾಹಿತಿಗಾಗಿ ಅಳಿಯನ ಮೇಲಧಿಕಾರಿಗೆ ಮತ್ತು ದೆಹಲಿಯ ಪ್ರಧಾನ ಕಚೇರಿಗೆ. ಮೂರೂ ಸ್ಪೀಡ್ ಪೋಸ್ಟಿನಲ್ಲಿ.

ಇಪ್ಪತ್ತಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಮಗಳ ಫೋನು ಬಂತು.

“ಅಪ್ಪಾ, ನಮ್ಮ ಕಮಾಂಡೆಂಟ್‌ಗೆ ನೀವೇನಾದ್ರೂ ಕಾಗದ ಬರ್ದಿದ್ರಾ?”

“ತಲುಪಿತೇ?” ಎಂದೆ. ನನ್ನ ದನಿಯಲ್ಲಿ ಇದ್ದದ್ದು ಹೆಮ್ಮೆಯೇ, ಸುಳ್ಳು ಹೇಳಲಾರೆ.

“ತಲುಪ್ತು. ಮೂರ್ ಕಡೆಗೂ ತಲುಪ್ತು. ಈಗ ಮೂರ್ ಕಡೆಯೋರೂ ಒಬ್ರನ್ನೊಬ್ರು ಇದೇನು ಅಂತ ಕೇಳ್ತಾ ಇದ್ದಾರೆ.”

ಆಮೇಲೆ ಅವಳು ಹೇಳಿದ್ದನ್ನು ನಾನು ನಿಂತುಕೊಂಡೇ ಕೇಳಿದೆ. ಇಬ್ಬರೂ ಒಂದು ವರ್ಷದ ಹಿಂದೆಯೇ ನಿಯಮದಂತೆ ಒಂದೇ ಊರಿಗೆ ಕೇಳಿಕೊಂಡಿದ್ದರಂತೆ. ಕಡತ ಕೊನೆಯ ರುಜುವಿಗೆ ಬಂದಿತ್ತಂತೆ. ರಾಜಸ್ಥಾನದ ಒಂದು ಊರಿನಲ್ಲಿ ಇಬ್ಬರಿಗೂ ಜಾಗವಿತ್ತಂತೆ. ತಿಂಗಳೊಪ್ಪತ್ತಿನಲ್ಲಿ ಆದೇಶ ಕೈಗೆ ಬರುತ್ತಿತ್ತಂತೆ. ಆದರೆ ಸೇನೆಯಲ್ಲಿ ಹೊರಗಿನವರಿಂದ ಒತ್ತಡ ತರಿಸುವುದು ಅಪರಾಧಕ್ಕೆ ಸಮ. ತಂದೆಯಿಂದ ಬರೆಸಿದವರು ನೀವೇ ಏನು ಎಂದು ಇಬ್ಬರಿಂದಲೂ ಲಿಖಿತ ವಿವರಣೆ ಕೇಳಿದ್ದಾರೆ. ಅದು ಇತ್ಯರ್ಥವಾಗುವವರೆಗೆ ಕಡತ ನಿಂತಿದೆ.

“ಮೊದಲೇ ನನಗೆ ಏಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರೆ ನೀವು ಹುಣಸೂರಿಗೆಲ್ಲ ಹೇಳ್ತಿದ್ರಿ.”

ಇದು ನಿಜ. ಆದರೆ ತಂದೆಗೆ ಹೇಳುವ ರೀತಿಯಲ್ಲ ಎಂದು, ಆ ಸ್ಥಿತಿಯಲ್ಲಿಯೂ, ನನ್ನ ಮನಸ್ಸಿನ ಒಂದು ಮೂಲೆ ಗುರುತು ಹಾಕಿಕೊಂಡಿತು. ಅವಳು ಮುಂದುವರಿಸಿದಳು: “ಅಪ್ಪಾ, ನಾಲ್ಕು ಪುಟಾನೂ ಓದ್ದೆ. ನಮ್ಮ ಮದುವೆ ಛತ್ರದಲ್ಲಿ ನಿಮ್ಮನ್ನ ಎರಡನೇ ಪಂಕ್ತಿಗೆ ಕೂರಿಸಿದ್ದು ಇದೆ. ಪಾಯಸ ನಿಮ್ಮ ಎಲೆ ಹತ್ರ ಬರೋಷ್ಟ್ರಲ್ಲಿ ಮುಗ್ದಿದ್ದು ಇದೆ. ಲಗ್ನಪತ್ರಿಕೇಲಿ ನಿಮ್ಮ ಬಿ.ಎ. ಬಿಟ್ಟೋಗಿದ್ದೂ ಇದೆ. ನಾವಿಬ್ರೂ ಒಬ್ರನ್ನೊಬ್ರು ನೋಡಿ ಎಷ್ಟು ದಿನ ಆಯ್ತು ಅಂತ ಮಾತ್ರ ಒಂದ್ ಕಡೆನೂ ಇಲ್ವಲ್ಲ.”

ಫೋನು ಇಟ್ಟ ಮೇಲೆ ನನ್ನ ಬಳಿಯಿದ್ದ ಪ್ರತಿಯನ್ನು ತೆಗೆದು ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ‘ಅರ್ಜಿದಾರ’ ಎಂಬ ಮಾತು ಮೂವತ್ತೊಂದು ಕಡೆ ಇತ್ತು. ಚೈತ್ರಳ ಹೆಸರು ಎರಡು ಕಡೆ, ಅದರಲ್ಲಿ ಒಂದು ‘ವಿಷಯ’ ಎಂಬ ಸಾಲಿನಲ್ಲಿ. ನಲವತ್ತೇಳು ದಿನಗಳನ್ನು ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಗುರುತಿಸಿದವನು ಅದನ್ನು ಅರ್ಜಿಯಲ್ಲಿ ಬರೆಯಲು ಮರೆತಿದ್ದೆ. ಪಾಯಸವನ್ನು ಮರೆತಿರಲಿಲ್ಲ.

ಬೀಗರು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳುವುದು ಲೇಸೆಂದು ಮಾರನೆಯ ದಿನ ರಾವಂದೂರಿನ ಬಸ್ಸು ಹತ್ತಿದೆ. ಅಳಿಯನ ತಂದೆ ಜವರೇಗೌಡರು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ ಕುಳಿತು ಸೊಪ್ಪನ್ನು ಕಡ್ಡಿಗೆ ಕಟ್ಟಿಸುತ್ತಿದ್ದರು. ದೂರದಿಂದಲೇ ನನ್ನನ್ನು ಕಂಡು ಕೂಗಿದರು:

“ಬನ್ನಿ ಬನ್ನಿ! ಎದೆಗಾರ ಬೀಗ್ರು ಬಂದವ್ರೆ, ಕಾಪಿ ಕಾಯ್ಸಮ್ಮಿ!”

ಅವರಿಗೆ ಎಲ್ಲ ತಿಳಿದಿತ್ತು. ಸೊಪ್ಪು ಕಟ್ಟುತ್ತಿದ್ದ ಹೆಂಗಸರಿಗೂ ತಿಳಿದಿತ್ತು. ಒಬ್ಬಳೂ ತಲೆ ಎತ್ತಲಿಲ್ಲ, ಎಲ್ಲರ ಭುಜಗಳೂ ಕುಲುಕುತ್ತಿದ್ದವು.

“ಏನ್ ಬೀಗ್ರೆ, ನನ್ ಮಗನ್ಗೆ ದೈರ್ಯ ಇಲ್ಲ ಅಂತ ಡೆಲ್ಲಿಗಂಟ ಬರ್ದ್ರಂತಲ್ಲ!”

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ಮಾಡಿದರು. “ನಿಜಾನೇ ಬುಡಿ. ಚಿಕ್ಕೋನಾಗಿದ್ದಾಗ ಕೋಳಿ ಅಟ್ಟುಸ್ಕ ಬಂದ್ರೂ ಅಟ್ಟ ಅತ್ತೋನು. ಆದ್ರೆ ಬೀಗ್ರೆ, ಎತ್ತ ಅಪ್ಪ ನಾನೇ ಅದ ಯಾರ್ಗೂ ಏಳಿರ್ನಿಲ್ಲ ಕಣ್ರೀ.”

ನಗುತ್ತಲೇ ಹೇಳಿದರು. ಅವರು ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಯ್ಗುಳಕ್ಕೆ ಉತ್ತರ ಕೊಡುವ ಅಭ್ಯಾಸ ನನಗಿದೆ. ಕಾಫಿ ಬಂತು. ಆಮೇಲೆ ಅವರು ನಗು ನಿಲ್ಲಿಸಿ ಕೇಳಿದರು: “ಅದ್ ಇರ್ಲಿ. ಈಗ ಉಡ್ಗ ಉಡ್ಗಿ ಜೊತೇಗ್ ಓಯ್ತಾರಾ ಇಲ್ವಾ? ಅದ ಏಳಿ.” ಲೋಟ ಹಿಡಿದುಕೊಂಡು ಸೊಪ್ಪಿನ ಕಡ್ಡಿಗಳನ್ನು ನೋಡುತ್ತ ಕುಳಿತೆ.

ಚೈತ್ರ ದಾರಿಯೊಂದನ್ನು ಹೇಳಿದ್ದಳು. ಅರ್ಜಿಯನ್ನು ನಾನಾಗಿಯೇ ಬರೆದೆ, ಅವರಿಬ್ಬರಿಗೂ ಗೊತ್ತಿರಲಿಲ್ಲ, ತಪ್ಪಾಯಿತು ಎಂದು ನಾನು ಬರೆದುಕೊಡಬೇಕು. ಸುಲಭದ ಕೆಲಸವೆಂದು ಕುಳಿತೆ. ಮೊದಲ ಕರಡು ಎರಡೂವರೆ ಪುಟವಾಯಿತು. ವಿಡಿಯೊ ಕರೆಯಲ್ಲಿ ಮಗಳಿಗೆ ಓದಿ ಹೇಳಿದೆ.

“ಅಪ್ಪಾ, ಇದು ಕ್ಷಮಾಪಣೆ ಅಲ್ಲ. ಇನ್ನೊಂದು ಅರ್ಜಿ.”

“ಹಿನ್ನೆಲೆ ಹೇಳದೆ ಅವರಿಗೆ ಹೇಗೆ ಅರ್ಥವಾಗುತ್ತದೆ?”

“ಹಸಿರು ಸೀರೆ ಹೆಂಗಸಿನ ವಿಷಯ ಕಮಾಂಡೆಂಟ್‌ಗೆ ಯಾಕಪ್ಪ?”

ಎರಡನೆಯ ಕರಡಿನಲ್ಲಿ ಸೀರೆ ಹೋಯಿತು. ಮೂರನೆಯದರಲ್ಲಿ ‘ಆದಾಗ್ಯೂ’ ಎಂದು ಆರಂಭವಾಗುವ ವಾಕ್ಯಗಳೆಲ್ಲ ಹೋದವು. ನಾಲ್ಕನೆಯದರಲ್ಲಿ ನನ್ನ ಸೇವಾವಧಿ ಹೋಯಿತು. ಒಂದೊಂದು ಸಾಲು ಹೋಗುವಾಗಲೂ ನನ್ನ ಪರ ಮಾತನಾಡುವವನೊಬ್ಬ ಎದ್ದು ಹೊರಗೆ ನಡೆದಂತಾಗುತ್ತಿತ್ತು. ಕಡೆಗೆ ಉಳಿದದ್ದು ಮೂರು ಸಾಲು.

ಅಕ್ರಂ ಸಾಹೇಬರು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. “ಇಷ್ಟೇನಾ ಸಾರ್? ಉಳಿದದ್ದು ಬೇರೆ ಹಾಳೇಲಿ ಇದ್ಯಾ?”

“ಇಷ್ಟೇ” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ನೋಡಿ, ಟೈಪು ಮಾಡಿಕೊಟ್ಟರು.

ಕಡತ ಮತ್ತೆ ಹೊರಟಿತು. ಆದರೆ ರಾಜಸ್ಥಾನದ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಇಬ್ಬರಿಗೂ ಸೇರಿ ಹೊಸ ಆದೇಶ ಬರಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಅದೂ ಉತ್ತರದ ಯಾವುದೋ ಬೆಟ್ಟದ ಊರಿಗೆ. ವರ್ಷದಲ್ಲಿ ಎಂಟು ತಿಂಗಳು ಚಳಿಯಂತೆ. ಆ ನಾಲ್ಕು ತಿಂಗಳಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಒಂದು ದಿನವೂ ಸಿಗಲಿಲ್ಲ.

ಹೊಸ ಊರಿಗೆ ಹೋಗುವ ಮೊದಲು ಇಬ್ಬರೂ ನಮ್ಮಲ್ಲಿಗೆ ಬಂದರು. ನಡುಮನೆಯಲ್ಲಿ ಅವರ ಕಪ್ಪು ಟ್ರಂಕುಗಳು, ಮೇಲೆ ಬಿಳಿಯ ಬಣ್ಣದಲ್ಲಿ ಇಬ್ಬರ ಹೆಸರು ಒಂದರ ಕೆಳಗೊಂದು. ಯೋಗೇಶ ಎಂದಿನಂತೆ ಕಾಲು ಮುಟ್ಟಿ ನಮಸ್ಕರಿಸಿದ, ಬಸ್ಸು ರೈಲುಗಳ ವಿಚಾರ ಮಾತನಾಡಿದ, ಅರ್ಜಿಯ ವಿಚಾರ ಎತ್ತಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಅವನ ಎದುರು ಕುಳಿತು ಹೇಳಬೇಕೆಂದುಕೊಂಡಿದ್ದ ಮಾತನ್ನು ಬಿಟ್ಟು, ಚಟ್ನಿ ಬೇಕೇ ಎಂದು ಎರಡು ಸಲ ಕೇಳಿದೆ. ಬಾಯಿ ಬಿಡುವಷ್ಟು ಧೈರ್ಯ ಯಾರಿಗಿಲ್ಲವೆಂಬುದು ಆಗ ತಿಳಿಯಿತು. ಕಡೆಗೆ, ಹಿಂದಿನ ರಾತ್ರಿ ಬರೆದಿಟ್ಟುಕೊಂಡಿದ್ದ ಹಾಳೆಯನ್ನು ಜೇಬಿನಿಂದ ತೆಗೆದು, ಎದ್ದು ನಿಂತು, ಓದತೊಡಗಿದೆ. ಹಿರಿಯನು ನಿಂತದ್ದನ್ನು ಕಂಡು ಯೋಗೇಶನೂ ತಟ್ಟೆ ಕೆಳಗಿಟ್ಟು ಎದ್ದ; ಅಭ್ಯಾಸಬಲವೋ ಏನೋ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ. ‘ನಿಮ್ಮ ಧೈರ್ಯದ ಬಗ್ಗೆ ನಾನು ಬರೆದದ್ದು ತಪ್ಪು. ನಿಮ್ಮ ಸಂಸಾರದ ನಾಲ್ಕು ತಿಂಗಳನ್ನು ನಾನು ಹಾಳು ಮಾಡಿದೆ’ ಎಂದು ಓದುವಾಗ ತಾಯಿ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಸರಿ, ಮಾವ” ಎಂದ ಯೋಗೇಶ. ನಾನು ಕುಳಿತ ಮೇಲೆ ಕುಳಿತು, ಉಪ್ಪಿಟ್ಟು ತಿನ್ನತೊಡಗಿದ.

‘ಪರವಾಗಿಲ್ಲ ಮಾವ’ ಎಂದು ಅವನು ಹೇಳಲಿಲ್ಲ. ದೊಡ್ಡವರು ತಪ್ಪು ಒಪ್ಪಿಕೊಂಡಾಗ ಚಿಕ್ಕವರು ಹಾಗೆ ಹೇಳುವುದು ನಮ್ಮ ಕಡೆಯ ವಾಡಿಕೆ. ನಾಲ್ಕು ತಿಂಗಳು ಸುಮ್ಮನೆ ಕಳೆದುಕೊಂಡವನು ಹಾಗೆ ಹೇಳದಿರುವುದೇ ನ್ಯಾಯವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ, ಅವನು ಹೇಳದಿದ್ದಾಗ ಗಂಟೆ ಒಂಬತ್ತೂ ಇಪ್ಪತ್ತಾಗಿತ್ತು ಎಂಬುದನ್ನು, ದೂರು ಬರೆಯುವವನ ಅಭ್ಯಾಸದಂತೆ, ನಾನು ನೋಡಿಬಿಟ್ಟಿದ್ದೆ. ಮಕ್ಕಳು ಹೊರಟುಹೋದ ಮೇಲೆ ಜಯಮ್ಮನೊಂದಿಗೆ ಮೆಲ್ಲಗೆ ಪ್ರಸ್ತಾಪಿಸಿದೆ.

“ಅದ್ನೂ ಬರ್ದು ಡೆಲ್ಲಿಗೆ ಕಳ್ಸಿ” ಎಂದಳು.

ಕಳುಹಿಸಲಿಲ್ಲ. ಆದರೆ ನೋಡಿ, ಇಲ್ಲಿ ಬರೆದದ್ದಂತೂ ಆಯಿತು.