ಅತ್ತೆಯವರ ಕಾರ್ಟ್ ಖಾಲಿಯಾದದ್ದು

ಅತ್ತೆಯವರು ನನ್ನೊಡನೆ ಮಾತು ಬಿಟ್ಟಿದ್ದರು. ಅತ್ತೆಯಂದಿರು ಸೊಸೆಯೊಡನೆ ಮಾತು ಬಿಡುವುದಕ್ಕೆ ಲೋಕದಲ್ಲಿ ನೂರು ಕಾರಣಗಳಿವೆ. ನನ್ನದು ಆ ನೂರರಲ್ಲಿ ಸೇರುವುದಿಲ್ಲ. ಅವರಿಗೆ ಬೇಕೆಂದು ನಾನು ತಿಳಿದದ್ದನ್ನೆಲ್ಲ, ಒಂದನ್ನೂ ಬಿಡದೆ, ಕೊಡಿಸಿದ್ದೇ ನನ್ನ ಅಪರಾಧ. ಮಗು ಮಧ್ಯಾಹ್ನದ ನಿದ್ದೆಯಲ್ಲಿದೆ. ಅದು ಏಳುವುದರೊಳಗೆ ಇದನ್ನು ಬರೆದಿಡಬೇಕು.

ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಿವೃತ್ತಿಯಾದ ಹೊಸದರಲ್ಲಿ ಬೆಳಗ್ಗೆ ಎದ್ದು, ತಲೆ ಬಾಚಿ, ಕೈಗಡಿಯಾರ ಕಟ್ಟಿಕೊಂಡು ಬಾಗಿಲವರೆಗೆ ಹೋಗುತ್ತಿದ್ದರು. ಹೋಗುವುದಕ್ಕೆ ಎಲ್ಲಿಯೂ ಇಲ್ಲ ಎಂಬುದು ಅಲ್ಲಿ ನೆನಪಾಗುತ್ತಿತ್ತು. ತಿರುಗಿ ಬಂದು ನಮ್ಮೆಲ್ಲರ ನಾಡಿ ಹಿಡಿದು ನೋಡುತ್ತಿದ್ದರು. (ಆ ಕಾಲದಲ್ಲಿ ನನ್ನ ಗಂಡ ಎಷ್ಟೋ ಜ್ವರದ ಮಾತ್ರೆ ನುಂಗಿದರು. ಜ್ವರ ಒಮ್ಮೆಯೂ ಇರಲಿಲ್ಲ.)

ಅವರನ್ನು ಕಾಪಾಡಿದ್ದು, ನಮ್ಮನ್ನೂ ಕಾಪಾಡಿದ್ದು, ಮಗ ಕೊಡಿಸಿದ ಫೋನು. ಅದರೊಳಗೊಂದು ಅಂಗಡಿಯಿದೆ, ಅಂಗಡಿಯೊಳಗೆ ಬೇಕಾದ್ದನ್ನು ಆರಿಸಿಡಲು ಒಂದು ಕಾರ್ಟ್ ಇದೆ ಎಂದು ತಿಳಿದ ಮೇಲೆ ಅತ್ತೆ ಬಾಗಿಲಿಗೆ ಹೋಗುವುದು ನಿಂತಿತು. ಬೆಳಗ್ಗೆ ತಲೆ ಬಾಚಿ, ಗಡಿಯಾರ ಕಟ್ಟಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂರುವರು. ಕಾರ್ಟಿನಲ್ಲಿರುವ ಒಂದೊಂದು ಸಾಮಾನನ್ನೂ ತೆರೆದು, ಕೊಂಡವರು ಬರೆದ ದೂರುಗಳನ್ನೆಲ್ಲ ಓದುವರು. "ಅಯ್ಯೋ, ಈ ಚಪ್ಪಲಿ ಅಟ್ಟೆ ಕಿತ್ತು ಬರುತ್ತಂತೆ, ಪಾಪ" ಎಂದು ಒಂದನ್ನು ತೆಗೆಯುವರು, ಇನ್ನೊಂದನ್ನು ಸೇರಿಸುವರು. ಕೊಳ್ಳುವುದು ಮಾತ್ರ ಇಲ್ಲ.

ನನ್ನ ಕರುಳು ಚುರುಕ್ ಎನ್ನುತ್ತಿತ್ತು. ಬದುಕೆಲ್ಲ ಬೇರೆಯವರ ಸೇವೆ ಮಾಡಿದ ಜೀವ, ಈಗ ತನಗೆಂದು ಒಂದು ಕೆಟಲ್ ಕೊಳ್ಳಲೂ ಹಿಂದೆಮುಂದೆ ನೋಡುತ್ತಿದೆಯಲ್ಲ ಎಂದು. ಅವರ ಹುಟ್ಟುಹಬ್ಬದ ಹಿಂದಿನ ಸಂಜೆ, ಅವರು ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿದ್ದಾಗ, ನಾನು ಆ ಫೋನು ತೆಗೆದು ಕಣ್ಣೊರೆಸಿಕೊಂಡು ಗುಂಡಿ ಒತ್ತಿದೆ. ಇಡೀ ಕಾರ್ಟ್. ಏನೇನಿದೆ ಎಂದು ನೋಡಲಿಲ್ಲ. ಔದಾರ್ಯಕ್ಕೆ ಇಳಿದವರು ಪಟ್ಟಿ ಓದುತ್ತಾ ಕೂರಬಾರದು ಎಂಬ ಭಾವನೆ.

ಬೆಳಗ್ಗೆ ಅತ್ತೆ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಲೋ, ಇದ್ರಲ್ಲಿ ಏನೂ ಇಲ್ವಲ್ಲೋ. ಎಲ್ಲಾ ಎಲ್ಲಿ ಹೋದ್ವು?"

"ಬರ್ತವೆ ಇರಮ್ಮ" ಎಂದರು ನನ್ನ ಗಂಡ, ನನ್ನ ಕಡೆ ಕಣ್ಣು ಮಿಟುಕಿಸಿ.

ಬಂದವು. ಗಂಟೆ ಬಾರಿಸಿದವನು ಪೊಟ್ಟಣಗಳನ್ನು ಒಳಗಿಡುತ್ತಾ ಇಡುತ್ತಾ ತಾನೇ ಹೊರಗೆ ಹೋಗಲು ದಾರಿಯಿಲ್ಲದೆ ಸೋಫಾ ದಾಟಿ ಹೋದ. ಒಂದೇ ಕೆಟಲ್ ಮೂರು ಬಣ್ಣಗಳಲ್ಲಿ. ಒಂದೇ ಚಪ್ಪಲಿ ಎರಡು ಅಳತೆಗಳಲ್ಲಿ. ಇನ್ನೂ ಅಂಬೆಗಾಲಿಡುವ ಮಗುವಿಗೆ ಶಾಲೆಯ ಚೀಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಅತ್ತೆಗೆ ಊರುಗೋಲು.

"ಯಾರು ತರ್ಸಿದ್ದು ಇದನ್ನೆಲ್ಲ?"

"ನಾನೇ ಅತ್ತೆ. ನಿಮ್ಮ ಕಾರ್ಟಲ್ಲಿದ್ದಿದ್ದು ಒಂದೂ ಬಿಟ್ಟಿಲ್ಲ."

ಅತ್ತೆ ಪೊಟ್ಟಣಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ವಾರ್ಡ್ ಖಾಲಿ ಮಾಡ್ಬಿಟ್ಟೆಯಲ್ಲಮ್ಮ."

ನನಗೆ ತಲೆಬುಡ ತಿಳಿಯಲಿಲ್ಲ.

"ಬೇಕು ಅನ್ನೋದು ಒಂಥರಾ ಜ್ವರ ಕಣಮ್ಮ. ಅಡ್ಮಿಟ್ ಮಾಡ್ಕೊಂಡು, ನಿಗಾದಲ್ಲಿಟ್ಟು, ದಿನಾ ನೋಡ್ಬೇಕು. ತಾನಾಗೇ ಇಳಿದ್ರೆ ಡಿಸ್ಚಾರ್ಜ್. ಇಳೀದಿದ್ರೆ ಆಗ ಚಿಕಿತ್ಸೆ. ನೀನು ನೋಡಿದ್ರೆ ಎಲ್ರನ್ನೂ ಒಟ್ಟಿಗೆ ಕೊಯ್ದು ಹಾಕಿದೀಯ."

ಮಾತು ನಿಂತದ್ದು ಅಲ್ಲಿ. ಮಾರನೆಯ ಬೆಳಗ್ಗೆ ಅತ್ತೆ ಗಡಿಯಾರ ಕಟ್ಟಲಿಲ್ಲ. ತಲೆ ಬಾಚಲಿಲ್ಲ. ಕಿಟಕಿಯ ಕುರ್ಚಿ ಖಾಲಿ ಇತ್ತು. ನಾನು ಮಗುವಿಗೆ ಊಟ ಮಾಡಿಸುತ್ತಾ ಆ ಕುರ್ಚಿಯನ್ನೇ ನೋಡುತ್ತಿದ್ದೆ. ಒಂದು ಗುಂಡಿ ಒತ್ತಿ ಅತ್ತೆಯನ್ನು ಎರಡನೆಯ ಸಲ ನಿವೃತ್ತಿ ಮಾಡಿಸಿದ್ದೆ.

ಅದಕ್ಕೂ ಮರುದಿನ ನಾವಿಬ್ಬರೂ ಎಲ್ಲವನ್ನೂ ವಾಪಸ್ ಕಳಿಸಲು ಕಟ್ಟುತ್ತಾ ಕೂತೆವು. ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ರಾಶಿಯ ತಳದಲ್ಲಿ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಗೊರಕೆ ನಿಲ್ಲಿಸಲು ಮೂಗಿನ ಮೇಲೆ ಅಂಟಿಸಿಕೊಳ್ಳುವ ಪಟ್ಟಿಗಳು. ಗೊರಕೆ ನಿಮ್ಮದೇ ಎಂದು ಮದುವೆಯಾದಾಗಿನಿಂದ ನಾನು ಗಂಡನಿಗೆ ಹೇಳುತ್ತಾ ಬಂದದ್ದಕ್ಕೆ ಕೊನೆಗೂ ಒಂದು ಸಾಕ್ಷಿ. ಸಂಭ್ರಮದಿಂದ ಡಬ್ಬಿ ಹರಿದು ಒಂದು ಪಟ್ಟಿಯನ್ನು ಹೊರತೆಗೆದೆ.

"ನೋಡ್ರೀ, ನಿಮ್ಮನ್ನ ಹೆತ್ತವರಿಗೇ ತಡ್ಯಕ್ಕಾಗಿಲ್ಲ. ಬನ್ನಿ, ಮೂಗು ಕೊಡಿ."

ಗಂಡ ಫ್ಯಾನಿನ ಕಡೆ ನೋಡತೊಡಗಿದರು. ಆಗ ಅತ್ತೆ ಮೌನ ಮುರಿದರು.

"ಅದು ಅವನಿಗಲ್ಲ."

"ಮತ್ತೆ ಯಾರಿಗತ್ತೆ?"

ಅತ್ತೆ ನನ್ನನ್ನೇ ನೋಡುತ್ತಿದ್ದರು. ಮಗುವೂ ನನ್ನನ್ನೇ ನೋಡುತ್ತಿತ್ತು.

"ನಾನಾ? ನಾನು ಗೊರಕೆ ಹೊಡೀತೀನಾ?"

"ಹೊಡೀತೀಯ ಅಂದ್ರೆ..." ಎಂದು ಗಂಡ ಶುರುಮಾಡಿ, ನನ್ನ ಮುಖ ನೋಡಿ, ಒಂದು ಕೆಟಲನ್ನು ಬಹಳ ಶ್ರದ್ಧೆಯಿಂದ ಕಟ್ಟತೊಡಗಿದರು.

"ಮಗು ಹುಟ್ಟಿದಾಗಿಂದ ಅದು ನಿಗಾದಲ್ಲಿತ್ತು" ಎಂದರು ಅತ್ತೆ. "ಕೊಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಆದ್ರೆ ಆಗ ನಿಂಗೆ ನಿದ್ದೇನೇ ಇರ್ಲಿಲ್ವಲ್ಲ. ರಾತ್ರಿ ನಿನ್ನ ಗೊರಕೆ ಕೇಳಿದ್ರೆ, ಸದ್ಯ, ಹುಡುಗಿ ಒಂದು ಗಳಿಗೆ ಮಲಗಿದಾಳೆ ಅಂತ ನಾನೂ ಮಲಗ್ತಿದ್ದೆ. ಅದನ್ನ ಹೇಗೆ ನಿಲ್ಸೋದು."

ನನಗೆ ನಾಚಿಕೆಯಾಗಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಅತ್ತೆ ಎದ್ದು ಬಂದು, ಸುಮ್ಮನೆ ನನ್ನ ನಾಡಿ ಹಿಡಿದರು.

ಎಲ್ಲವೂ ವಾಪಸ್ ಹೋದವು. ಒಡೆದ ಆ ಡಬ್ಬಿಯನ್ನು ಮಾತ್ರ ಅಂಗಡಿಯವರು ಒಲ್ಲೆ ಎಂದರು. ಅತ್ತೆ ಮತ್ತೆ ಗಡಿಯಾರ ಕಟ್ಟಿ ಕುರ್ಚಿಗೆ ಬಂದರು. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೇ ಹುಡುಕಿಕೊಟ್ಟೆ. "ಇದಲ್ಲ, ಇದರ ಹಿಡಿ ಬೇರೆ. ನನ್ನ ಪೇಷೆಂಟ್ ನಂಗೆ ಗೊತ್ತಿಲ್ವಾ?" ಎಂದು ಅವರಿಂದ ಗದರಿಸಿಕೊಂಡೂ ಹುಡುಕಿಕೊಟ್ಟೆ. ಮೂರು ಕೆಟಲ್‌ಗಳೂ ಸೇರಿದ ಮೇಲೆ ಅವರ ಮುಖದಲ್ಲಿ ಕಳೆ ಬಂತು.

ಡಬ್ಬಿಯನ್ನು ಹಾಳುಮಾಡುವುದೇಕೆ ಎಂದು ಆ ರಾತ್ರಿ ನಾನು ಪಟ್ಟಿ ಅಂಟಿಸಿಕೊಂಡು ಮಲಗಿದೆ. (ಗಂಡ ನಗಲಿಲ್ಲ. ನಗದೆ ಇರಲು ಅವರು ಗೋಡೆಯ ಕಡೆ ತಿರುಗಬೇಕಾಯಿತು.) ಪಟ್ಟಿ ಕೆಲಸ ಮಾಡಿತು. ಬೆಳಗ್ಗೆ ನೋಡಿದರೆ ಅತ್ತೆಯ ಕಣ್ಣು ಕೆಂಪಗೆ ಊದಿಕೊಂಡಿತ್ತು.

"ಯಾಕತ್ತೆ, ನಿದ್ದೆ ಬರ್ಲಿಲ್ವಾ?"

"ಮನೆ ಅಷ್ಟು ನಿಶ್ಶಬ್ದವಾಗಿದ್ರೆ ಹೇಗೆ ಬರುತ್ತೆ? ಆಗಾಗ ಎದ್ದು ಬಂದು ಬಾಗಿಲಲ್ಲಿ ನಿಂತು, ಉಸಿರಾಡ್ತಿದೀಯಾ ಅಂತ ನೋಡ್ಕೊಂಡು ಹೋದೆ. ಇವತ್ತು ಅದನ್ನ ಹಚ್ಚಬೇಡಮ್ಮ."

ನಿನ್ನೆ ರಾತ್ರಿ ಹಚ್ಚಲಿಲ್ಲ. ಇವತ್ತು ಬೆಳಗ್ಗೆ ಅತ್ತೆ ತಿಳಿಯಾದ ಮುಖದಿಂದ ರೌಂಡ್ಸಿಗೆ ಕೂತರು. ಕಣ್ಣು ಕೆಂಪಾಗಿದ್ದದ್ದು ಗಂಡನದು.

"ಇದ್ಯಾರು ಹೊಸ ಪೇಷೆಂಟು?" ಎಂದು ಅತ್ತೆ ಫೋನನ್ನು ನನ್ನ ಕಡೆ ತಿರುಗಿಸಿದರು. ಕಾರ್ಟಿನ ಕೊನೆಯಲ್ಲಿ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆಗಳಿದ್ದವು. ಗಂಡ ತಲೆಯೆತ್ತದೆ ಶೂ ಕಟ್ಟಿಕೊಳ್ಳುತ್ತಿದ್ದರು.

"ಅರ್ಜೆಂಟಮ್ಮ" ಎಂದರು.

ಅತ್ತೆ ಕನ್ನಡಕದ ಮೇಲಿಂದ ಮಗನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇರ್ಲಿ" ಎಂದರು. "ನಿಗಾದಲ್ಲಿರ್ಲಿ."