ಕೊನೆಯ ಹಳದಿ ಗೆರೆ

ಇನ್ನೂರ ಹನ್ನೊಂದು ಹಳದಿ ಗೆರೆಗಳನ್ನು ಅಳಿಸಿದ ಮೇಲೆ ಉಳಿದದ್ದು ಒಂದೇ ಒಂದು.

ಲಿಫ್ಟ್‌ಗಳನ್ನು ನಡೆಸುವ ಪ್ರೋಗ್ರಾಂ ಬರೆಯುವ ಆ ಕಚೇರಿಗೆ ಅವನು ಸೇರಿ ಎರಡು ತಿಂಗಳು. ಅಷ್ಟರಲ್ಲೇ ಎಲ್ಲರ ಬಾಯಲ್ಲಿ ‘ಭೂತಗನ್ನಡಿ’ ಆಗಿಹೋಗಿದ್ದ. ‘ಈ ಭಾಗ ಇಂಥ ಕೆಲಸ ಮಾಡುತ್ತದೆ’ ಎಂದು ಕೋಡಿನ ನಡುವೆ ಮನುಷ್ಯರಿಗಾಗಿ ಬರೆದಿಡುವ ಟಿಪ್ಪಣಿಗಳಿರುತ್ತವಲ್ಲ, ಅವು ಕೋಡಿಗೆ ತಾಳೆಯಾಗುತ್ತವೆಯೇ ಎಂದು ನೋಡುವುದು ಅವನ ಕೆಲಸ. ತಾಳೆಯಾಗದ ಕಡೆ, ಕೋಡ್ ಬರೆಯುವ ತಂತ್ರಾಂಶವಾದ ಎಡಿಟರ್ ತಾನೇ ಹಳದಿ ಗೆರೆ ಎಳೆಯುತ್ತಿತ್ತು. ಸಂಜೆ ಐದರೊಳಗೆ ಒಂದು ಗೆರೆಯೂ ಉಳಿಯದಿದ್ದರೆ ಮೂರು ದಿನ ರಜೆ ಎಂದು ಕಚೇರಿಯ ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ಮನೆಯಲ್ಲಿ ಹೆಂಡತಿ ಬಟ್ಟೆ ಜೋಡಿಸಿಟ್ಟಿದ್ದಳು. ಪುಟ್ಟ ಮಗಳು ನಾಳೆ ಮೊದಲ ಸಲ ಸಮುದ್ರ ನೋಡುವವಳಿದ್ದಳು.

ಕೊನೆಯ ಗೆರೆ ಬಾಗಿಲಿನ ಫೈಲಿನಲ್ಲಿತ್ತು. ‘ಬಾಗಿಲು ಐದು ಸೆಕೆಂಡು ತೆರೆದಿರುತ್ತದೆ’ ಎಂದಿತ್ತು ಟಿಪ್ಪಣಿ. ಕೋಡಿನಲ್ಲಿ ಏಳು. ಆರು ವರ್ಷದಿಂದ ಹಾಗೇ ಇತ್ತು. ಒಂದು ಅಂಕಿ ತಿದ್ದಲು ಇಷ್ಟು ವರ್ಷ ಯಾರಿಗೂ ಪುರುಸೊತ್ತಾಗಲಿಲ್ಲವೇ?

“ಅದೊಂದನ್ನ ಮುಟ್ಬೇಡಿ,” ಎಂದ ಪಕ್ಕದ ಮೇಜಿನವನು, ಕಿವಿಯ ಹೆಡ್‌ಫೋನ್ ತೆಗೆಯದೆ.

“ಯಾಕೆ?”

“ಚೆನ್ನಾಗಿದ್ದೀರಲ್ಲ, ಅದಕ್ಕೆ.”

ಟೆಸ್ಟಿಂಗ್ ವಿಭಾಗದ ಅಕ್ಕನನ್ನು ಕೇಳಿದ. “ನೋಡು ತಮ್ಮಾ, ನೀನೇನೂ ಕೇಳ್ಲಿಲ್ಲ, ನಾನೇನೂ ಹೇಳ್ಲಿಲ್ಲ,” ಎಂದು ಅವರು ಡಬ್ಬಿಯ ಮುಚ್ಚಳ ಒತ್ತಿದ ಹಾಗೆ ಬಾಯಿ ಮುಚ್ಚಿಕೊಂಡರು. ಭೂತಗನ್ನಡಿಯ ಕುತೂಹಲ ಇನ್ನಷ್ಟು ಕೆರಳಿತು.

ಮೇಡಂ ಮಾತ್ರ ನಕ್ಕರು. “ಐದೋ ಏಳೋ, ನೀವೇ ನೋಡಿ ತಿದ್ದಿ. ನಿಮ್ಮಂಥೋರು ಸಿಗೋದೇ ಕಷ್ಟ.” ಅವರ ಮೇಜಿನ ಕೆಳಗೊಂದು ನೀಲಿ ಸೂಟ್‌ಕೇಸಿತ್ತು. ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅದನ್ನೂ ಅವನು ಗಮನಿಸಿದ, ಆದರೆ ಕೇಳಲಿಲ್ಲ.

ಆ ಕಟ್ಟಡದ ಲಿಫ್ಟೂ ಅದೇ ಪ್ರೋಗ್ರಾಂನಿಂದ ನಡೆಯುತ್ತಿತ್ತು. ಅವನು ಒಳಗೆ ಹೋಗಿ ಗಡಿಯಾರ ಹಿಡಿದು ನಿಂತ. ಎಣಿಸಲು ವಾಚ್‌ಮನ್ ಬಂದ. ವಾಚ್‌ಮನ್ನನ ಲೆಕ್ಕ ನೋಡಲು ಹೆಡ್‌ಫೋನಿನವನು ಬಂದ. ಇಬ್ಬರಿಗೂ ಬುದ್ಧಿ ಹೇಳಲು ಅಕ್ಕ ಬಂದರು. ಹೊರಗೆ ಗುಂಪು ಕಂಡು ಮತ್ತೆ ನಾಲ್ವರು ನುಗ್ಗಿದರು. ಭಾರ ಹೆಚ್ಚಾಗಿ ಲಿಫ್ಟು ಹಸಿದ ಕೂಸಿನಂತೆ ಅರಚತೊಡಗಿತು. ಬಾಗಿಲು ಮುಚ್ಚಲೇ ಇಲ್ಲ.

“ಒಬ್ರು ಇಳೀರಿ!”

“ನಾನ್ಯಾಕೆ ಇಳೀಲಿ? ಎಣಿಸ್ತಿರೋನು ನಾನು! ಅರವತ್ತೆರಡು ಆಯ್ತು ಸಾರ್!”

“ಬಾಗ್ಲು ನೋಡಿಲ್ವೇನ್ರೀ ಯಾವತ್ತೂ?” ಎನ್ನುತ್ತ ಕೊರಿಯರ್‌ನವನು ಮೆಟ್ಟಿಲು ಹತ್ತಿದ.

ಕೊನೆಗೆ ಎಲ್ಲರನ್ನೂ ಇಳಿಸಿ ಭೂತಗನ್ನಡಿ ಹೊರಗಿನಿಂದ ಮೂರು ಸಲ ಎಣಿಸಿದ. ಮೂರು ಸಲವೂ ಏಳು.

ಐದಕ್ಕೆ ಹತ್ತು ನಿಮಿಷವಿರುವಾಗ ಟಿಪ್ಪಣಿಯಲ್ಲಿ ‘ಐದು’ ಅಳಿಸಿ ‘ಏಳು’ ಎಂದು ಬರೆದ. ಗೆರೆ ಮಾಯವಾಯಿತು. ಹೆಡ್‌ಫೋನಿನವನು ಮೊದಲ ಬಾರಿಗೆ ಹೆಡ್‌ಫೋನ್ ತೆಗೆದ.

ಮೇಡಂ ಕೋಣೆಯಿಂದ ಓಡಿಬಂದರು. ಒಂದು ಕೈಯಲ್ಲಿ ನೀಲಿ ಸೂಟ್‌ಕೇಸು, ಇನ್ನೊಂದರಲ್ಲಿ ಹಳೇ ಕಪ್ಪು ಫೋನು. ಫೋನನ್ನು ಅವನ ಕೈಗಿಟ್ಟರು.

“ಫೈಲನ್ನ ಕೊನೇಲಿ ತಿದ್ದಿದೋರೇ ಅದರ ಹೊಣೆಗಾರರು, ಅದು ಇಲ್ಲಿನ ನಿಯಮ. ಯಾವ ಕಟ್ಟಡದಲ್ಲಿ ಬಾಗಿಲು ಕಚ್ಕೊಂಡ್ರೂ ಇದು ಬಡ್ಕೊಳ್ಳುತ್ತೆ. ಇಪ್ಪತ್ತು ನಿಮಿಷದಲ್ಲಿ ಕಚೇರೀಲಿ ಇರಬೇಕು. ಆರು ವರ್ಷದಿಂದ ನಾನು ಈ ಊರು ಬಿಟ್ಟು ಕದಲಿಲ್ಲಪ್ಪ!”

“ಮತ್ತೆ ನಾನು ತಿದ್ದಿದ ಬೇರೆ ಇನ್ನೂರ ಹನ್ನೊಂದು?”

“ಅವಕ್ಕೂ ನೀವೇ. ಆದ್ರೆ ಅವು ಫೋನ್ ಮಾಡಲ್ಲ.”

“ಮೇಡಂ, ನನ್ನ ರಜೆ...”

“ಮಂಜೂರು! ಧಾರಾಳವಾಗಿ ಹೋಗಿ. ಇಪ್ಪತ್ತು ನಿಮಿಷದ ಒಳಗೆ ಎಲ್ಲಿ ಬೇಕಾದ್ರೂ.” ಮೇಡಂ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಮಾಯವಾದರು.

ಆರು ವರ್ಷದ ಆ ತಪ್ಪು ತಪ್ಪಾಗಿರಲಿಲ್ಲ, ಗಾಳಕ್ಕೆ ಸಿಕ್ಕಿಸಿದ ಹುಳುವಾಗಿತ್ತು ಎಂದು ಅವನಿಗೆ ಆಗ ಹೊಳೆಯಿತು. ಸರಿ, ತಾನೂ ಗಾಳ ಹಾಕಬಹುದಲ್ಲ! ಸುತ್ತ ನೋಡಿ, ‘ಏಳು’ ಅಳಿಸಿ ಮತ್ತೆ ‘ಐದು’ ಮಾಡಿದ. ಹಳದಿ ಗೆರೆ ನಿಷ್ಠೆಯಿಂದ ಮರಳಿತು. ಅವನು ಆಸೆಗಣ್ಣಿಂದ ಹೆಡ್‌ಫೋನಿನವನ ಕಡೆ ನೋಡಿದ. ಅಕ್ಕನ ಕಡೆ ನೋಡಿದ. ಇಬ್ಬರೂ ಫ್ಯಾನು ನೋಡುತ್ತಿದ್ದರು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸಂದೇಶ ಇಣುಕಿತು: ‘ತಾಳೆಯಾಗದ ಟಿಪ್ಪಣಿ ಒಂದು. ಸರಿಪಡಿಸಬೇಕಾದವರು: ಕಾಯಂ ಟಿಪ್ಪಣಿ ಪರೀಕ್ಷಕರು.’ ಅದರ ಮುಂದೆ ಅವನದೇ ಹೆಸರು. ನೇಮಕ ಮಾಡಿದವರು, ನಾಲ್ಕು ನಿಮಿಷದ ಹಿಂದೆ, ಮೇಡಂ.

ಫೋನು ರಿಂಗಣಿಸಿತು. ಕಪ್ಪು ಫೋನಲ್ಲ, ಅವನದೇ.

“ಅಪ್ಪಾ, ಸಮುದ್ರ ಎಷ್ಟು ದೂರ?”

ಅವನು ಕಪ್ಪು ಫೋನಿನ ಕಡೆ ನೋಡಿದ.

“ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಪುಟ್ಟಿ.”